ಕೆಳಗೆ ನಿಂತವರು

ಮಾರ್ಚ್ 5, ಬುಧವಾರ

ಇಗರ್ಜಿಯಲ್ಲಿ ಫಾದರ್ ಕೈಯಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ನೀನು ಮಣ್ಣು ಮಾರಾಯ ಎಂದು ವರ್ಷಕ್ಕೊಮ್ಮೆ ಈ ದಿನ ನೆನಪಿಸುತ್ತಾರೆ. ನನಗೆ ನೆನಪಿಸಬೇಕಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಮಣಿಪಾಲದ ಒಂದು ಆಸ್ಪತ್ರೆಯ ಶವಾಗಾರದಲ್ಲಿ ಟೆಕ್ನಿಷಿಯನ್ ಆಗಿದ್ದೇನೆ.

ಈ ಪುಸ್ತಕ ಕೊಂಡದ್ದು ಅಕ್ಕನ ಡಾಕ್ಟರು ಹೇಳಿದ್ದಕ್ಕೆ. ರೋಗಿಯ ಜೊತೆ ಇರುವವರಿಗೂ ತಲೆ ಕೆಡುತ್ತದೆ, ಯಾರಿಗೂ ಹೇಳಲಾಗದ್ದನ್ನು ಬರೆದಿಡಿ ಎಂದರು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ತುಳುವಿನಲ್ಲಿ. ಬರೆಯುವುದು ಕನ್ನಡದಲ್ಲಿ, ಏಕೆಂದರೆ ಕಾಪುವಿನ ಶಾಲೆಯಲ್ಲಿ ಪೆಟ್ಟು ತಿಂದು ಕಲಿತ ಅಕ್ಷರ ಅದು.

ಅಕ್ಕ ಎಂದರೆ ಝೀಟಾ, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಎಂಟು ವರ್ಷ. ಅಂದಿನಿಂದ ಸಾಕಿದವಳು ಅವಳೇ. ಅವಳಿಗೆ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ, ಯಾರಿಂದಾಗಿ ಯಾರಿಗೆ ಎಂದು ನಾವು ಲೆಕ್ಕ ಹಾಕಲು ಹೋಗಿಲ್ಲ. ಎದೆಯಲ್ಲಿ ಶುರುವಾದ ಕ್ಯಾನ್ಸರ್ ಈಗ ಬೆನ್ನುಮೂಳೆಗೆ ಇಳಿದಿದೆ. ಗಂಟಲಿನ ನರಕ್ಕೂ ತಗಲಿ ಸ್ವರ ಹೋಗಿದೆ, ಪಿಸುಮಾತು ಮಾತ್ರ ಉಳಿದಿದೆ. ಇನ್ನು ಚಿಕಿತ್ಸೆ ಇಲ್ಲ, ನೋವು ಕಡಿಮೆ ಮಾಡುವುದಷ್ಟೇ ಎಂದು ಫೆಬ್ರವರಿಯಲ್ಲಿ ಹೇಳಿದರು.

ಪೂಜೆ ಮುಗಿದ ಮೇಲೆ ಫಾದರ್ ಕ್ಲಾರೆನ್ಸ್ ನನ್ನನ್ನು ಇಗರ್ಜಿಯ ಮೆಟ್ಟಿಲಲ್ಲಿ ಹಿಡಿದುಕೊಂಡರು. ಯೇಸು ಶಿಲುಬೆಯ ಮೇಲೆ ಸತ್ತೇ ಇರಲಿಲ್ಲ, ಬರೀ ಮೂರ್ಛೆ ಹೋಗಿದ್ದು ಎಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ಕೇಳಿ ನಮ್ಮ ಯುವಕರು ಪ್ರಶ್ನೆ ಹಾಕುತ್ತಿದ್ದಾರಂತೆ. ಶುಭ ಶುಕ್ರವಾರ ಮೂರು ಗಂಟೆಯ ವಿಧಿಗೆ ಮೊದಲು, ಎರಡಕ್ಕೆ, ನೀವು ಇಪ್ಪತ್ತು ನಿಮಿಷ ಮಾತಾಡಬೇಕು ಎಂದರು. "ನಿಮ್ಮಷ್ಟು ಸಾವು ನೋಡಿದವರು ಈ ಊರಲ್ಲಿ ಬೇರೆ ಯಾರುಂಟು ವ್ಯಾಲೆಂಟೈನ್?"

ನಾನು ಹಿಂದೆಮುಂದೆ ನೋಡದೆ ಒಪ್ಪಿದೆ. ಯುವಕರಿಗೆ ಎಂತಾದರೂ ಆಗಲಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಜಿನಿಂದ ಒಬ್ಬನೂ ಎದ್ದು ಹೋಗಿಲ್ಲ. ಒಬ್ಬ ನಿಜವಾಗಿ ಸತ್ತು ನಿಜವಾಗಿ ಎದ್ದ ಎಂಬುದಕ್ಕೆ ಹಿಡಿದುಕೊಳ್ಳುವಂಥ ಸಾಕ್ಷಿ ನನಗೆ ಬೇಕು, ಅಕ್ಕ ಹೋಗುವ ಮೊದಲು ಬೇಕು. ಇಲ್ಲದಿದ್ದರೆ ಅವಳನ್ನು ಕಳಿಸಿ ಈ ಮನೆಗೆ ವಾಪಸು ಬರುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಉಡುಪಿಯ ರಥಬೀದಿಯಿಂದ ಒಂದು ಹಿತ್ತಾಳೆಯ ಗಂಟೆ ತಂದೆ, ದೇವರ ಪೂಜೆಗೆ ಬಾರಿಸುವಂಥದ್ದು. ಕೂಗಿ ಕರೆಯಲು ಅಕ್ಕನಿಗೆ ಸ್ವರ ಇಲ್ಲವಲ್ಲ. ಹಿಡಿಯ ಮೇಲೆ ಗರುಡ ಕೈ ಮುಗಿದು ಕೂತಿದ್ದಾನೆ. ಅಕ್ಕ ತಿರುಗಿಸಿ ತಿರುಗಿಸಿ ನೋಡಿ, ಪಾಪ, ಇವನಿಗೆ ಕ್ರಿಸ್ತುವರ ಮನೆಯ ಡ್ಯೂಟಿ ಬಿತ್ತು ಎಂದಳು.

ಹಗಲು ನೋಡಿಕೊಳ್ಳಲು ಎಲ್ಲೂರಿನ ಕುಶಲಾ ಬರುತ್ತಾಳೆ, ಹೋಮ್ ನರ್ಸ್. ನಾನು ಮನೆಗೆ ಬಂದ ಮೇಲೆ ಕುಶಲಾಳಿಗೆ ಬಿಡುಗಡೆ. ಮತ್ತೆ ರಾತ್ರಿಯಿಡೀ ನಾನು ಚಾವಡಿಯಲ್ಲಿ, ಅಕ್ಕ ಒಳಗೆ ಕೋಣೆಯಲ್ಲಿ, ನಡುವೆ ಈ ಗಂಟೆ.

ಗಂಟೆಯ ವಿಷಯದಲ್ಲಿ ಅಕ್ಕ ಮೊದಲಿನಿಂದಲೂ ಕಟ್ಟುನಿಟ್ಟು. ಪೂಜೆಗೆ ಸೇವೆ ಮಾಡುವ ಮಕ್ಕಳಿಗೆ ಯಾವಾಗ ಬಾರಿಸಬೇಕು, ಎಷ್ಟು ಸಲ ಎಂದು ಮೂವತ್ತು ವರ್ಷ ಕಲಿಸಿದವಳು. ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಒಮ್ಮೆ ಬಾರಿಸಿದರೆ ಮತ್ತೆ ಶನಿವಾರ ರಾತ್ರಿ ಪುನರುತ್ಥಾನದ ಪೂಜೆಯವರೆಗೆ ನಮ್ಮಲ್ಲಿ ಗಂಟೆ ಮುಟ್ಟುವುದಿಲ್ಲ, ಮರದ ಹಲಗೆ ಬಡಿದು ಸದ್ದು ಮಾಡುತ್ತಾರೆ. ಅಕ್ಕ ಅದನ್ನು ಮನೆಗೂ ತಂದಿದ್ದಳು. ನಾನು ಏಳನೇ ಕ್ಲಾಸಿನಲ್ಲಿರುವಾಗ ಆ ಶುಕ್ರವಾರ ನನ್ನ ಸೈಕಲ್ ಬೆಲ್ಲಿಗೂ ಬಟ್ಟೆ ಕಟ್ಟಿದಳು. ಮಟ್ಟುವಿನ ತಿರುವಿನಲ್ಲಿ ಹಾಲಿನ ಭೋಜಣ್ಣನಿಗೆ ಗುದ್ದಿ ಇಬ್ಬರೂ ಗುಳ್ಳ ಬದನೆಯ ಗದ್ದೆಗೆ ಬಿದ್ದೆವು. ಅವನ ಹಾಲೂ ಹೋಯಿತು, ನನ್ನ ಮೊಣಕಾಲೂ ಹೋಯಿತು. ಅಕ್ಕ ಗಾಯ ತೊಳೆದಳು, ಬಟ್ಟೆ ಮಾತ್ರ ಬಿಚ್ಚಲಿಲ್ಲ.

ಗಂಟೆ ಕೇಳಿಸುತ್ತಿದೆ. ಹೋಗಬೇಕು.

ಮಾರ್ಚ್ 12, ಬುಧವಾರ

ಸಾಕ್ಷಿಯ ಕೆಲಸ ಶುರು ಮಾಡಿದೆ. ಮೊದಲು ಸಾವು ಖಾತ್ರಿಯಾಗಬೇಕು, ಎದ್ದದ್ದು ಆಮೇಲೆ.

ಚಾಟಿಯೇಟಿನಲ್ಲಿ ರಕ್ತ ಎಷ್ಟು ಹೋಗುತ್ತದೆ, ತೋಳು ಮೇಲೆ ಕಟ್ಟಿ ತೂಗುಹಾಕಿದರೆ ಉಸಿರು ಎಷ್ಟು ಹೊತ್ತು ತಾಳುತ್ತದೆ, ಎಲ್ಲ ಓದಿದೆ. ಉಸಿರಿನ ವಿಷಯದಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಜೆರುಸಲೇಮಿನ ಹತ್ತಿರ ಒಂದು ಕಲ್ಲಿನ ಪೆಟ್ಟಿಗೆಯಲ್ಲಿ ಹಿಮ್ಮಡಿಯ ಮೂಳೆ ಸಿಕ್ಕಿದೆ, ಮೊಳೆ ಚುಚ್ಚಿಕೊಂಡೇ ಇದೆ. ಆ ಕಾಲದಲ್ಲಿ ಸಾವಿರಾರು ಜನರನ್ನು ಹಾಗೆ ಕೊಂದಿದ್ದರೂ ಮೊಳೆ ಉಳಿದದ್ದು ಅಪರೂಪ, ಯಾಕೆಂದರೆ ಕೀಳುತ್ತಿದ್ದರು. ಇವನದ್ದು ಮರದ ಗಂಟಿಗೆ ತಾಗಿ ಡೊಂಕಾಗಿ ಕೀಳಲಿಕ್ಕೇ ಆಗಲಿಲ್ಲವಂತೆ. ಅವನ ಹೆಸರು ಯಾರು ಕೇಳುತ್ತಾರೆ? ಮೊಳೆ ಡೊಂಕಾದ್ದರಿಂದ ಸಾಕ್ಷಿಯಾದ.

ಶವಾಗಾರದಲ್ಲಿ ನನ್ನ ಜೊತೆಗಿರುವ ಸಫ್ರಾಝನಿಗೆ ಇದನ್ನೆಲ್ಲ ಹೇಳಿದೆ. ಅವನೂ ಕಾಪುವಿನವನೇ, ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಬರುವುದು. ರಂಜಾನ್ ಉಪವಾಸದಲ್ಲಿ ಬಾಯಿ ಒಣಗಿದ್ದರೂ ತಾಳ್ಮೆಯಿಂದ ಕೇಳಿದ. "ನಮ್ಮ ಪ್ರಕಾರ ಈಸಾ ನಬಿಯವರು ಶಿಲುಬೆಯಲ್ಲಿ ಸಾಯಲೇ ಇಲ್ಲ. ನಾನೆಂತ ಹೇಳುವುದು ಮಾರಾಯ?" ಎಂದ. ಸ್ವಲ್ಪ ಹೊತ್ತಿನ ನಂತರ, ಅಕ್ಕನಿಗೆ ಗಂಜಿ ಹೋಗುತ್ತದಾ ಎಂದು ಕೇಳಿದ.

ಸಂಜೆ ಅವನ ಹೆಂಡತಿ ಜುಬೈದಾ ಉಪವಾಸ ಬಿಡುವ ಜೀರಿಗೆ ಗಂಜಿ ಕಳಿಸಿದ್ದಾಳೆ, ತೆಂಗಿನ ಹಾಲು ಹಾಕಿದ್ದು. ಅಕ್ಕ ಏಳು ಚಮಚ ಕುಡಿದಳು ಎಂದು ಕುಶಲಾ ಹೇಳಿದಳು. ನಾನು ಓದುತ್ತಿದ್ದೆ.

ಮಾರ್ಚ್ 16, ಭಾನುವಾರ

ಕಾರ್ಕಳಕ್ಕೆ ಹೋಗಿ ಬಂದೆ. ಅಕ್ಕ ಕಳಿಸಿದ್ದು. ತನ್ನ ಸಮಾಧಿಯ ಕಲ್ಲು ತಾನೇ ಹೇಳಿ ಮಾಡಿಸುತ್ತಾಳಂತೆ! ನೀನು ಕೊನೆಗೆ ಅಂಗಡಿಯಲ್ಲಿ ಸಿಕ್ಕಿದ ಮಾರ್ಬಲ್ ತಂದು ಮೇಲೆ ದೇವದೂತ ಕೂರಿಸುತ್ತಿ ಎಂದು ವಾದ. ಹೆಸರು, ಎರಡು ತಾರೀಕು, ಬೇರೆ ಎಂತದೂ ಬೇಡ.

ಶಿಲ್ಪಿ ಸುಕೇಶ ಕಪ್ಪು ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿ ಕೊಟ್ಟು ಕೇಳುತ್ತಾನೆ. ಒಳಗೆ ಬಿರುಕಿದ್ದರೆ ಸದ್ದು ಮಂಕಾಗಿರುತ್ತದಂತೆ. ಎರಡು ಕಲ್ಲು ಬೇಡವೆಂದು ಮೂರನೆಯದನ್ನು ಒಪ್ಪಿದ. ನನಗೆ ಹೊಟ್ಟೆಕಿಚ್ಚಾಯಿತು. ಬಡಿದು ನೋಡಿ ಒಳಗೆ ಎಂತ ಉಂಟು ಎಂದು ಹೇಳುವವನ ಬದುಕು ಎಷ್ಟು ಸುಲಭ.

ಹುಟ್ಟಿದ ತಾರೀಕು ಬರೆದುಕೊಂಡು, ಇನ್ನೊಂದು ಎಂದು ಪೆನ್ಸಿಲ್ ಎತ್ತಿದ. ಅವಳು ಮನೆಯಲ್ಲಿದ್ದಾಳೆ ಎಂದೆ. ಅರ್ಥ ಮಾಡಿಕೊಂಡು, ಜಾಗ ಬಿಡುತ್ತೇನೆ, ಬಂದು ಕೆತ್ತಿಕೊಡುತ್ತೇನೆ ಎಂದ. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಖಾಲಿ ಜಾಗದ ಮೇಲೆ ಸಿಟ್ಟು ಬರುತ್ತಿತ್ತು.

ಮಾರ್ಚ್ 26, ಬುಧವಾರ

ರಾತ್ರಿ ನಾಲ್ಕು ಸಲ ಗಂಟೆ. ಬೆಳಿಗ್ಗೆ ಒಬ್ಬ ಅಪಘಾತದವನ ದೇಹ. ನಿದ್ದೆ ಇಲ್ಲ. ಬರೆಯಲು ಎಂತದೂ ಇಲ್ಲ.

ಮಾರ್ಚ್ 31, ಸೋಮವಾರ

ಈದ್. ಸಫ್ರಾಝ್ ಹೊಸ ಅಂಗಿ ಹಾಕಿಕೊಂಡು ಬಂದು ಅಕ್ಕನ ಮಂಚದ ಹತ್ತಿರ ಅರ್ಧ ಗಂಟೆ ಕೂತ. ಉಪವಾಸ ಮುಗಿದರೂ ಗಂಜಿ ನಿಲ್ಲುವುದಿಲ್ಲ ಎಂದು ಜುಬೈದಾ ಹೇಳಿ ಕಳಿಸಿದ್ದಾಳೆ.

ನಾನು ಆ ಅರ್ಧ ಗಂಟೆಯಲ್ಲಿ ಭಾಷಣದ ಎರಡನೇ ಹಾಳೆ ಮುಗಿಸಿದೆ. ಯೇಸು ಸತ್ತ ಮೇಲೆ ಸೈನಿಕ ಪಕ್ಕೆಗೆ ಚುಚ್ಚಿದ ಈಟಿಯ ಗಾಯದಿಂದ ರಕ್ತ ಮತ್ತು ನೀರು ಬಂತು ಎಂದು ಸುವಾರ್ತೆಯಲ್ಲಿ ಉಂಟು. ಇದನ್ನು ನಾನು ಓದಿ ಹೇಳಬೇಕಾಗಿಲ್ಲ, ಕೈಯಿಂದ ಹೇಳಬಲ್ಲೆ. ತುಂಬ ಪೆಟ್ಟು ತಿಂದು ಸತ್ತವರ ಎದೆಗೂಡಿನಲ್ಲಿ ತೆಳ್ಳಗಿನ ನೀರು ಕಟ್ಟಿರುವುದು ಎಷ್ಟೋ ಸಲ ಕಂಡಿದ್ದೇನೆ. ಬರೆದವನಿಗೆ ಶರೀರಶಾಸ್ತ್ರ ಗೊತ್ತಿರಲಿಲ್ಲ. ಕಂಡದ್ದನ್ನು ಬರೆದ. ಈ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಹೊರಡುವಾಗ ಸಫ್ರಾಝ್, ಅಕ್ಕನ ಕಾಲು ತಣ್ಣಗಿದೆ, ಒಂದು ಸಾಕ್ಸ್ ಹಾಕಬಾರದಾ ಎಂದ. ನಾನು ನೋಡಿರಲಿಲ್ಲ.

ಏಪ್ರಿಲ್ 6, ಭಾನುವಾರ

ಮಾತ್ರೆಯ ವಿಷಯದಲ್ಲಿ ಮನೆಯಲ್ಲಿ ಜಗಳ. ಮಾರ್ಫಿನ್ ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಆರಕ್ಕೆ, ಮಲಗುವಾಗ ಎರಡು. ಅಕ್ಕನಿಗೆ ಹತ್ತರ ಮಾತ್ರೆ ಇಷ್ಟ ಇಲ್ಲ, ಮಂಪರು ಬಂದು ಜಪಮಾಲೆಯ ಲೆಕ್ಕ ತಪ್ಪುತ್ತದಂತೆ. ನೋವು ಬಂದರೆ ಗಂಟೆ ಬಾರಿಸುತ್ತೇನೆ, ಆಗ ಕೊಡಿ ಎನ್ನುತ್ತಾಳೆ. ಕುಶಲಾ ಬಗ್ಗುವವಳಲ್ಲ, ಹತ್ತಕ್ಕೆ ಹತ್ತೇ. ಭಾನುವಾರ ಅವಳು ಇರುವುದಿಲ್ಲ, ನಾನು ಅಕ್ಕ ಹೇಳಿದ ಹಾಗೆ ಗಂಟೆಗೆ ಕಾಯುತ್ತೇನೆ. ನನಗೂ ಅದೇ ಸುಲಭ.

ಸಂಜೆ ಮೂರು ಹಾಳೆ ಅಕ್ಕನಿಗೆ ಓದಿ ಹೇಳಿದೆ. ಚಾಟಿ, ಮೊಳೆ, ಈಟಿ, ಈ ಮರಣದ ಬಗ್ಗೆ ಎರಡು ಸಾಲು ಬರೆದಿಟ್ಟ ರೋಮಿನ ಇತಿಹಾಸಕಾರ. ಮತ್ತೆ ಯೇಸುವಿನ ಶವ ಇಟ್ಟಿದ್ದ ಗುಹೆ ಖಾಲಿಯಾದದ್ದನ್ನು ಮೊದಲು ಕಂಡವರು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಇರಲಿಲ್ಲ. ಸುಳ್ಳು ಕಟ್ಟುವವನಾದರೆ ಗಂಡಸರನ್ನು ಕಳಿಸುತ್ತಿದ್ದ. ಇದು ನನ್ನ ಗಟ್ಟಿ ಪಾಯಿಂಟ್.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಹತ್ತಿರ ಬಾ ಎಂದು ಕೈ ಮಾಡಿದಳು.

"ಕೆಳಗೆ ನಿಂತವರು ಎಲ್ಲಿ?"

ಯಾರು ಎಂದೆ.

"ಶಿಲುಬೆಯ ಕೆಳಗೆ. ಅವನ ತಾಯಿ, ಆ ಹೆಂಗಸರು. ಅವರು ಅಲ್ಲಿ ಕಡೇ ತನಕ ನಿಂತದ್ದಕ್ಕೆ ಅಲ್ವಾ ಯಾವ ಗುಹೆ ಅಂತ ಗೊತ್ತಾದದ್ದು?"

ನಿಂತದ್ದು ಸಾಕ್ಷಿ ಅಲ್ಲ ಅಕ್ಕ, ಅದು ಬರೀ ಹಾಜರಾತಿ ಎಂದೆ. ಅವಳು ನಕ್ಕಳು, ನಗುವಾಗ ಬೆನ್ನು ನೋಯಿತು. ನಾನು ಎದ್ದು ಬಂದೆ. ನೋಯುವಾಗ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಸತ್ತವರ ಮುಖ ಎಷ್ಟು ಬೇಕಾದರೂ ನೋಡುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಏಪ್ರಿಲ್ 13, ಭಾನುವಾರ

ಗರಿಗಳ ಭಾನುವಾರ. ತೆಂಗಿನ ಗರಿ ಹಿಡಿದು ಮೆರವಣಿಗೆ ಹೋಗಿ ಬಂದೆ. ಅಕ್ಕನಿಗೆ ಒಂದು ಗರಿ ತಂದು ಕೊಟ್ಟೆ. ಪ್ರತಿವರ್ಷ ಅವಳು ಅದನ್ನು ಮಡಚಿ ಶಿಲುಬೆ ಹೆಣೆಯುತ್ತಿದ್ದಳು. ಈ ಸಲ ಎರಡು ಮಡಿಕೆ ಹಾಕಿ ಕೈ ಸೋತು ನನಗೆ ಕೊಟ್ಟಳು. ನನಗೆ ಬರುವುದಿಲ್ಲ. ಕಿಟಕಿಯ ಸರಳಿಗೆ ಹಾಗೇ ಸಿಕ್ಕಿಸಿದೆ.

ಫಾದರ್ ಯುವಕರಿಗೆ ನನ್ನ ಮಾತಿನ ವಿಷಯ ಹೇಳಿದ್ದಾರೆ. ಮುಖ್ಯರಸ್ತೆಯಲ್ಲಿ ಇಬ್ಬರು ನಿಲ್ಲಿಸಿ ಕೇಳಿದರು. ನಾಲ್ಕನೇ ಹಾಳೆ ಇನ್ನೂ ಸರಿಯಾಗಿಲ್ಲ. ಸಾವಿನವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ, ಅಲ್ಲಿಂದ ಮುಂದೆ ನನ್ನ ಕಾಲೇ ಅಲುಗುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ. ಚಾವಡಿಯಲ್ಲಿ ನಡೆದು ನಡೆದು ಕಾಲು ಸೋತಿತು.

ಏಪ್ರಿಲ್ 16, ಬುಧವಾರ

ಶುಕ್ರವಾರ ಕುಶಲಾಳಿಗೆ ರಜೆ, ಅಂಬಲಪಾಡಿಯಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ನಾನು ಮಾತಾಡಲು ಹೋಗುವಾಗ ಒಂದೂವರೆಗೆ ಜುಬೈದಾ ಬಂದು ಕೂರುತ್ತಾಳೆ. ಬೆಳಿಗ್ಗೆ ನಾನಿದ್ದೇನೆ.

ಹೋಗುವಾಗ ಕುಶಲಾ ಬಾಗಿಲಲ್ಲಿ ನಿಂತು ನನಗೆ ಪಾಠ ಹೇಳಿದಳು. "ಅಣ್ಣಾ, ಗಡಿಯಾರ ನೋಡಿ ಕೊಡಿ. ಅಕ್ಕ ಬೆಲ್ ಮಾಡುವುದನ್ನು ಕಾಯಬೇಡಿ. ನೋವು ಏರಿದ ಮೇಲೆ ಕೊಟ್ಟರೆ ಬಸ್ಸಿನ ಹಿಂದೆ ಓಡಿದ ಹಾಗೆ." ಆಯಿತು ಎಂದೆ. ಈ ಹುಡುಗಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮಾತು ಹೆಡ್‌ಮಾಸ್ತರರದ್ದು.

ಏಪ್ರಿಲ್ 17, ಗುರುವಾರ

ಕಾಲು ತೊಳೆಯುವ ಪೂಜೆಗೆ ಹೋಗಲಿಲ್ಲ, ಹಾಳೆ ಮುಗಿಯಬೇಕಿತ್ತು. ಮನೆಯಿಂದಲೇ ಇಗರ್ಜಿಯ ದೊಡ್ಡ ಗಂಟೆ ಕೇಳಿಸಿತು. ಅಕ್ಕ ತುಂಬ ಹೊತ್ತು ಕಿವಿಗೊಟ್ಟು ಕೇಳಿ ಶಿಲುಬೆಯ ಗುರುತು ಮಾಡಿಕೊಂಡಳು. ರಾತ್ರಿಯ ಮಾತ್ರೆ ಕೊಟ್ಟೆ. ಮಲಗಿದ್ದಾಳೆ.

ಏಪ್ರಿಲ್ 18, ಶುಕ್ರವಾರ, ಬೆಳಿಗ್ಗೆ ಹನ್ನೊಂದು

ಇಷ್ಟು ದಿನದಲ್ಲಿ ಇಂಥ ಶಾಂತ ಬೆಳಿಗ್ಗೆ ಸಿಕ್ಕಿರಲಿಲ್ಲ. ಆರಕ್ಕೆ ಎದ್ದು ಅರೆಕತ್ತಲಲ್ಲೇ ಮಾತ್ರೆ ಕೊಟ್ಟು ಬಂದು ಕೂತೆ. ಆಗಿನಿಂದ ಗಂಟೆಯ ಸದ್ದು ಒಂದು ಸಲವೂ ಬಂದಿಲ್ಲ. ದೇವರು ದೊಡ್ಡವನು, ಅಕ್ಕ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ. ಹತ್ತರ ಮಾತ್ರೆ ಅವಳು ಎದ್ದ ಮೇಲೆ ಕೊಟ್ಟರಾಯಿತು, ಸುಮ್ಮನೆ ಎಬ್ಬಿಸುವುದು ಬೇಡ.

ನಾಲ್ಕನೇ ಹಾಳೆ ಸರಿಯಾಯಿತು. ನೋವಿನ ಬಗ್ಗೆ ಒಂದು ಪ್ಯಾರಾ ಸೇರಿಸಿದೆ. ಮೂಳೆಗೆ ತಾಗಿದ ನೋವು ಹೇಗಿರುತ್ತದೆ, ಉಸಿರು ಎಳೆಯುವಾಗ ಹೇಗೆ, ಬಿಡುವಾಗ ಹೇಗೆ. ಎರಡು ಸಲ ಜೋರಾಗಿ ಓದಿ ನೋಡಿದೆ. ಚೆನ್ನಾಗಿ ಬಂದಿದೆ.

ರಾತ್ರಿ

ಬರೆಯಲಾಗುವುದಿಲ್ಲ.

ಏಪ್ರಿಲ್ 19, ಶನಿವಾರ, ಬೆಳಿಗ್ಗೆ

ಅಕ್ಕ ಈಗ ಮಲಗಿದ್ದಾಳೆ. ನಿಜವಾಗಿ ಮಲಗಿದ್ದಾಳೆ, ಇಲ್ಲೇ ಕೂತು ನೋಡುತ್ತಿದ್ದೇನೆ.

ನಿನ್ನೆ ಹನ್ನೆರಡೂಮುಕ್ಕಾಲಿಗೆ ಗಂಜಿ ಬಿಸಿ ಮಾಡಿ ಕೋಣೆಗೆ ತಂದೆ. ಅಕ್ಕ ಎಚ್ಚರ ಇದ್ದಳು. ಹೊದಿಕೆಯ ಅಂಚು ಬಾಯಲ್ಲಿತ್ತು, ಹಲ್ಲು ಕಚ್ಚಿ ಕಚ್ಚಿ ತೂತಾಗಿತ್ತು. ಮೈಯೆಲ್ಲ ಬೆವರು, ಹಾಸಿಗೆ ಒದ್ದೆ. ಎಡಗೈ ಮಂಚದ ಪಟ್ಟಿಯನ್ನು ಹಿಡಿದು ಬೆರಳು ಬಿಳಿಚಿತ್ತು. ನಾನು ಕೇಳಿದ್ದು ಮೊದಲು ಸಿಟ್ಟಿನಿಂದ. ಸಿಟ್ಟು ಯಾರ ಮೇಲೆಂದು ಈಗ ಗೊತ್ತು.

"ಅಕ್ಕ, ಯಾಕೆ ಬಾರಿಸಲಿಲ್ಲ?"

ಮೇಜಿನ ಕಡೆ ಕಣ್ಣು ಮಾಡಿದಳು. ಗಂಟೆಯ ನಾಲಿಗೆಗೆ ಬಿಳಿ ಕರ್ಚೀಫು ಸುತ್ತಿ ಕಟ್ಟಿತ್ತು. ಗರುಡ ಎಂದಿನಂತೆ ಕೈ ಮುಗಿದು ಕೂತಿದ್ದ.

"ಇವತ್ತು ಗಂಟೆ ಇಲ್ಲ ಅಲ್ವಾ," ಎಂದಳು.

ಗುರುವಾರ ಕುಶಲಾ ಹೊರಡುವಾಗ ಅವಳ ಕೈಯಲ್ಲೇ ಕಟ್ಟಿಸಿಕೊಂಡಿದ್ದಳಂತೆ. ಕೆಳಗೆ ಬಿದ್ದರೆ ಸದ್ದಾಗಬಾರದು ಎಂದು ಇರಬೇಕು ಎಂದು ಕುಶಲಾ ತಿಳಿದಳು, ಪಾಪ, ಅವಳಿಗೆ ನಮ್ಮ ಶುಕ್ರವಾರ ಏನು ಗೊತ್ತು. ಗೊತ್ತಿರಬೇಕಾದವನು ನಾನು. ಸೈಕಲ್ ಬೆಲ್ಲಿಗೆ ಬಟ್ಟೆ ಕಟ್ಟಿಸಿಕೊಂಡವನು ನಾನು. ಆರಕ್ಕೆ ಮಾತ್ರೆ ಕೊಡುವಾಗ ನನ್ನ ಕೈ ಆ ಗಂಟೆಗೆ ಒಂದು ಗೇಣು ದೂರದಲ್ಲಿತ್ತು. ಉಗುರಿನ ಸಂದಿಯ ಮಣ್ಣು ನೋಡಿ ಒಬ್ಬ ಎಲ್ಲಿ ಬಿದ್ದು ಸತ್ತ ಎಂದು ಪೊಲೀಸರಿಗೆ ಹೇಳಿದವನು ನಾನು. ಕರ್ಚೀಫು ಕಾಣಲಿಲ್ಲ.

ಮಾತ್ರೆ ಕೊಟ್ಟೆ. ಡಾಕ್ಟರಿಗೆ ಫೋನ್ ಮಾಡಿದೆ, ಇನ್ನೊಂದು ಕೊಡಿ ಎಂದರು. ಅದು ರಕ್ತಕ್ಕೆ ಸೇರಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಮಾಡುವುದಕ್ಕೆ ಎಂತದೂ ಇರಲಿಲ್ಲ. ಎದ್ದು ಚಾವಡಿಗೆ ಹೋಗಬೇಕು ಎನಿಸಿತು. ಕಾಲು ಬಾಗಿಲ ಹತ್ತಿರದವರೆಗೆ ಹೋಗಿತ್ತು ಕೂಡ. ವಾಪಸು ಬಂದು ನೆಲದ ಮೇಲೆ ಕೂತು ಅವಳ ಕೈ ಮಂಚದ ಪಟ್ಟಿಯಿಂದ ಬಿಡಿಸಿ ನನ್ನ ಕೈಗೆ ಹಿಡಿಸಿದೆ. ಎಷ್ಟು ಬಲ ಇತ್ತು ಆ ಕೈಯಲ್ಲಿ! ಮುಖ ನೋಡಿದೆ. ಉಸಿರು ಎಳೆಯುವಾಗ ಹೇಗೆ, ಬಿಡುವಾಗ ಹೇಗೆ ಎಂದು ನಾನು ಬರೆದದ್ದು ಎಲ್ಲ ತಪ್ಪು.

ನಡುವೆ ಒಂದು ಸಲ ಪಿಸುಗುಟ್ಟಿದಳು. ಕಿವಿಯನ್ನು ಬಾಯಿಯ ಹತ್ತಿರ ತಂದೆ.

"ನೀನು ಬರ್ತಿ ಅಂತ ಗ್ರಹಿಸಿದೆ. ಗಂಟೆ ಇಲ್ಲದಿದ್ರೂ."

ಬೈದು ಹೇಳಿದ್ದಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹತ್ತಕ್ಕೆ ಬರುತ್ತಾನೆ ಎಂದು ಎಣಿಸಿದಳು, ಬರಲಿಲ್ಲ. ಹತ್ತೂವರೆಗೆ ಕುರ್ಚಿ ಎಳೆದ ಸದ್ದು ಕೇಳಿ ಈಗ ಬಂದ ಎಂದುಕೊಂಡಳು. ಆಮೇಲೆ ನಾನು ಜೋರಾಗಿ ಓದುವುದು ಗೋಡೆಯ ಈಚೆಗೆ ಕೇಳಿಸಿತಂತೆ. ನೋವಿನ ಪ್ಯಾರಾವನ್ನು ಎರಡು ಸಲ ಪೂರ್ತಿ ಕೇಳಿಸಿಕೊಂಡಿದ್ದಾಳೆ.

ಒಂದೂವರೆಗೆ ಜುಬೈದಾ ಬಂದವಳು ಕೊಡೆಯನ್ನೂ ಇಡದೆ ಒಳಗೆ ಬಂದು ಅಕ್ಕನ ಪಾದ ಹಿಡಿದು ಕೂತಳು. ಎಂತ ಆಯಿತೆಂದು ಕೇಳಲಿಲ್ಲ. ನೀವು ಹೋಗಿ ಅಣ್ಣ, ನಾನಿದ್ದೇನೆ ಎಂದಳು. ನಾನು ಫಾದರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಅವರು, "ಆಯಿತು ವ್ಯಾಲೆಂಟೈನ್. ನಾವು ಇಲ್ಲಿ ಸುಮ್ಮನೆ ಕೂತುಕೊಳ್ಳುತ್ತೇವೆ," ಎಂದರು.

ಎರಡು ಗಂಟೆಯ ಹೊತ್ತಿಗೆ ಹಿಡಿತ ಸಡಿಲವಾಯಿತು. ಮೂರಕ್ಕೆ ಇಗರ್ಜಿಯಿಂದ ಮರದ ಹಲಗೆಯ ಸದ್ದು ಕೇಳಿಸಿತು, ಕಟ ಕಟ ಎಂದು, ಬಡಗಿ ದೂರದಲ್ಲಿ ಕೆಲಸ ಮಾಡುತ್ತಿದ್ದ ಹಾಗೆ. ಜುಬೈದಾ ಅದೇನೆಂದು ಕೇಳಿದಳು. ಅಕ್ಕನೇ ಅವಳಿಗೆ ಪಿಸುಮಾತಿನಲ್ಲಿ ವಿವರಿಸಿದಳು.

ಚಾವಡಿಯ ಮೇಜನ್ನು ಈ ಕೋಣೆಗೆ ತಂದಿದ್ದೇನೆ. ನನ್ನ ಚಾಪೆಯೂ ಇಲ್ಲೇ. ಔಷಧಿಯ ವೇಳೆ ಬರೆದಿಡಲು ಒಂದು ಕಾಗದ ಬೇಕಿತ್ತು, ಕೈಗೆ ಸಿಕ್ಕಿದ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದೆ. ಆರು, ಹತ್ತು, ಎರಡು, ಆರು, ಹತ್ತು. ಕೊಟ್ಟ ಕೂಡಲೇ ಒಂದು ಗುರುತು. ಕುಶಲಾ ಬಂದು ಅದನ್ನು ನೋಡಿ, ಹಾಂ, ಹೀಗೆ ಎಂದಳು.

ಅದೇ ದಿನ, ರಾತ್ರಿ

ಪೂಜೆಗೆ ಹೋಗಲಿಲ್ಲ. ಕಿಟಕಿ ಪೂರ್ತಿ ತೆಗೆದಿಟ್ಟೆ. ಅಕ್ಕ ಎತ್ತಿ ಕೂರಿಸು ಎಂದಳು, ಬೆನ್ನಿಗೆ ಮೂರು ದಿಂಬು ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂತಳು. ಆರರ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರಿಂದ ಮುಖ ಹಗುರವಾಗಿತ್ತು. ಅವಳ ಎಡಹುಬ್ಬಿನಲ್ಲಿ ಒಂದು ಬಿಳಿ ಕೂದಲು ಉದ್ದಕ್ಕೆ ಬೆಳೆದಿದೆ. ಯಾವಾಗಿನಿಂದ ಇತ್ತೋ.

ಕಾಯುತ್ತಾ ಕೂತಾಗ ಹಳೆಯ ವಿಷಯ ತೆಗೆದಳು. ಭೋಜಣ್ಣನ ಹಾಲಿಗೆ ಬದಲು ಅವಳು ವಾರವಿಡೀ ಅವನ ಮನೆಯ ದನಕ್ಕೆ ಹುಲ್ಲು ತಂದು ಹಾಕಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಕರ್ಚೀಫು ಬಿಚ್ಚಲೇ ಎಂದು ಕೇಳಿದೆ. ಇನ್ನೂ ಹೊತ್ತಾಗಲಿಲ್ಲ ಎಂದು ತಲೆಯಾಡಿಸಿದಳು. ಕಾದೆವು.

ಎಂಟೂಕಾಲರ ಹೊತ್ತಿಗೆ ಇಗರ್ಜಿಯ ಗಂಟೆಗಳು ಒಮ್ಮೆಲೇ ಮೊಳಗತೊಡಗಿದವು, ದೊಡ್ಡದು, ಚಿಕ್ಕದು, ಮಕ್ಕಳ ಕೈಯಲ್ಲಿರುವವು, ಎಲ್ಲ. ಪಟಾಕಿಯೂ ಹಾರಿತು. ನಾನು ಕರ್ಚೀಫಿನ ಗಂಟಿಗೆ ಉಗುರು ಹಾಕಿ ಎಳೆದೆ. ಬಿಚ್ಚಿ ಅವಳ ಕೈಯಲ್ಲಿಟ್ಟೆ. ಎತ್ತಲು ಬಲ ಸಾಲದೆ ಮಡಿಲಲ್ಲೇ ಇಟ್ಟು ಅಲ್ಲಾಡಿಸಿದಳು. ಟಿಣ್ ಎಂದಿತು.

ನಾನು ಅವಳ ಮಂಚದ ಮೇಲೆಯೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ಆದರೂ ತಿಂಗಳಿನಿಂದ ಬಿದ್ದ ಅಭ್ಯಾಸ. "ಎಂತ ಬೇಕು ಅಕ್ಕ?" ಎಂದು ಕೇಳಿದೆ.

"ಎಂತದೂ ಬೇಡ," ಎಂದಳು. ಮತ್ತೆ ಬಾರಿಸಿದಳು.

ಏಪ್ರಿಲ್ 21, ಸೋಮವಾರ

ರಜೆ ಹಾಕಿದ್ದೇನೆ, ಎಷ್ಟು ದಿನ ಎಂದು ಬರೆದು ಕೊಟ್ಟಿಲ್ಲ. ಸಫ್ರಾಝ್ ನೋಡಿಕೊಳ್ಳುತ್ತಾನಂತೆ.

ಫಾದರ್ ಕ್ಲಾರೆನ್ಸ್ ಅಕ್ಕನಿಗೆ ಪರಮಪ್ರಸಾದ ಕೊಡಲು ಬಂದಿದ್ದರು. ಹೊರಡುವಾಗ ನನ್ನ ಹಾಳೆಗಳನ್ನು ಕೇಳಿದರು, ಇಗರ್ಜಿಯ ಪತ್ರಿಕೆಯಲ್ಲಿ ಹಾಕಬಹುದು, ಯುವಕರು ಈಗಲೂ ಕೇಳುತ್ತಿದ್ದಾರೆ ಎಂದರು. ಮೇಜಿನಿಂದ ತೆಗೆದು ನೋಡಿದಾಗ ಔಷಧಿಯ ಗೆರೆಗಳು ನಾಲ್ಕನೇ ಹಾಳೆಯ ಬೆನ್ನಿನಲ್ಲೇ ಇವೆ. ಶನಿವಾರದಿಂದ ಇವತ್ತಿನವರೆಗೆ ಸಾಲಾಗಿ ಗುರುತು, ಶಾಲೆಯ ಹಾಜರಿ ಪುಸ್ತಕದ ಹಾಗೆ. ಒಂದೂ ಖಾಲಿ ಇಲ್ಲ. ಈಗ ಕೊಡಲಿಕ್ಕಾಗುವುದಿಲ್ಲ ಫಾದರ್, ಇದು ಬೇಕು, ಇನ್ನೂ ಜಾಗ ಉಂಟು ಎಂದೆ. ಅವರು ಹಾಳೆಯನ್ನು ಎರಡೂ ಬದಿ ನೋಡಿ, ಗುರುತಿನ ಬದಿ ಮೇಲೆ ಬರುವ ಹಾಗೆ ಮೇಜಿನ ಮೇಲಿಟ್ಟು ಹೋದರು.

ಕಿಟಕಿಯ ಗರಿ ಒಣಗಿದೆ. ಅಕ್ಕ ಹೇಳಿಕೊಟ್ಟ ಹಾಗೆ ಮಡಚಿದೆ, ಶಿಲುಬೆ ಒಂದು ಕಡೆಗೆ ವಾಲಿದೆ. ಪರವಾಗಿಲ್ಲ ಎಂದಳು.

ಹತ್ತಕ್ಕೆ ಇನ್ನು ನಾಲ್ಕು ನಿಮಿಷ ಉಂಟು. ನೀರು ಬಗ್ಗಿಸಿ ಇಟ್ಟಿದ್ದೇನೆ.